ಮಾಸ್ತಿಕಲ್ಲಿಗೆ ಎಣ್ಣೆಸ್ನಾನ

‘ನಮ್ಮ ಮನೆಯಲ್ಲಿ ಉಡಿಕೆ ಇಲ್ಲ.’ ಹುಟ್ಟಿದಾಗಿನಿಂದ ನಾನು ಕೇಳುತ್ತಾ ಬಂದ ಮಾತು ಇದು. ಉಡಿಕೆ ಅಂದರೆ ಗಂಡ ಸತ್ತವಳಿಗೆ ಇನ್ನೊಬ್ಬ ಗಂಡಸು ಸೀರೆ ಕೊಟ್ಟು ಹೆಂಡತಿಯಾಗಿ ಕರೆದುಕೊಂಡು ಹೋಗುವುದು. ನಮ್ಮ ಜನರಲ್ಲಿ ಅದೇನು ಕಂಡು ಕೇಳದ ಸಂಗತಿಯಲ್ಲ. ಶಿಕಾರಿಪುರದಿಂದ ಸೊರಬದವರೆಗೆ ಯಾವ ಊರಿಗೆ ಹೋದರೂ ಉಡಿಕೆಯಾದ ಹೆಂಗಸರು ನಾಲ್ಕು ಮಂದಿಯಾದರೂ ಇದ್ದರು. ಅವರು ಎಲ್ಲರ ಹಾಗೆ ಕಳೆ ಕೀಳುತ್ತಿದ್ದರು, ಮಕ್ಕಳಿಗೆ ಬೈಯುತ್ತಿದ್ದರು, ಸಂತೆಗೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಇಲ್ಲ. ಯಾಕೆಂದರೆ ನಮ್ಮ ಹಿತ್ತಿಲಲ್ಲಿ ಮಾಸ್ತಿಯಮ್ಮ ಇದ್ದಳು.

ಎದೆಮಟ್ಟದ ಕಲ್ಲು ಅದು, ಬಿಲ್ವಪತ್ರೆ ಮರದ ಬುಡದಲ್ಲಿ ನಿಂತಿತ್ತು. ಎಷ್ಟು ತಲೆಮಾರಿನ ಎಣ್ಣೆಯೋ, ಕುಂಕುಮವೋ, ದೀಪದ ಮಸಿಯೋ, ಬೆರಳು ದಪ್ಪದ ಜಿಡ್ಡು ಕಲ್ಲನ್ನು ಮುಚ್ಚಿಕೊಂಡಿತ್ತು. ಅದರೊಳಗಿಂದ ಕಾಣುತ್ತಿದ್ದದ್ದು ಒಂದೇ ಒಂದು, ಮೇಲಕ್ಕೆತ್ತಿದ ಕೈ. ಮಣಿಕಟ್ಟಿನಲ್ಲಿ ಬಳೆ. ನಮ್ಮ ವಂಶದ ಯಾವನೋ ಹಿರಿಯ ಸತ್ತ ದಿನವೇ ಅವನ ಹೆಂಡತಿ ಕೊಂಡಕ್ಕೆ ಇಳಿದಳಂತೆ, ಆ ಮಹಾಸತಿಯ ಕೈ ಅದಂತೆ. ಹಾಗಾಗಿ ಈ ಮನೆಯ ಹೆಣ್ಣು ಎರಡನೆಯ ಗಂಡನ ಮುಖ ನೋಡಬಾರದು ಅಂತ ಕಟ್ಟಳೆ. ಕೈ ಎತ್ತಿರುವುದು ಆಶೀರ್ವಾದಕ್ಕೆ ಅಂತ ಎಲ್ಲರೂ ಹೇಳುತ್ತಿದ್ದರು. ನನಗಂತೂ ಚಿಕ್ಕಂದಿನಲ್ಲಿ ಅದು ಹೊಡೆಯೋಕೆ ಎತ್ತಿದ ಕೈಯಂತೆಯೇ ಕಾಣುತ್ತಿತ್ತು.

ಆ ಕಲ್ಲಿನ ಕಾವಲು ನಮ್ಮಜ್ಜಿಯದು. ಅಪ್ಪನಿಗೆ ಇನ್ನೂ ನಾಲ್ಕು ವರ್ಷ, ಅವರ ತಂಗಿ, ನನ್ನ ಅತ್ತೆ, ಹೊಟ್ಟೆಯಲ್ಲಿದ್ದಳು, ಆಗ ಅಜ್ಜ ತೀರಿಕೊಂಡರಂತೆ. ಅಜ್ಜಿ ಅಂದಿನಿಂದ ಬೇಸಾಯ ನಡೆಸಿದಳು, ಇಬ್ಬರನ್ನೂ ಸಾಕಿದಳು, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ. ಅವಳ ಮಾತು ಮೀರುವ ಗಂಡಸು ನಮ್ಮ ಕೇರಿಯಲ್ಲಿ ಇರಲಿಲ್ಲ. ಅತ್ತೆಯ ಗಂಡನೂ ಮದುವೆಯಾದ ಮೂರು ವರ್ಷಕ್ಕೆ ಜ್ವರದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಇಪ್ಪತ್ತಕ್ಕೇ ತವರಿಗೆ ಬಂದ ಅತ್ತೆ, ನಾನು ಹೇಳುತ್ತಿರುವ ಕಾಲಕ್ಕೆ ಮೂವತ್ತರವಳು. ನನಗೆ ಹನ್ನೊಂದು. ನನ್ನ ತಲೆ ಬಾಚಿ, ರೊಟ್ಟಿ ಬಡಿಯೋದು ಕಲಿಸಿ, ನಾನು ಮಾಡಿದ ಕಿತಾಪತಿಗಳಿಗೆಲ್ಲ ಬೈಗುಳ ತಿಂದವಳು ಅವಳೇ.

ಆ ವರ್ಷ ಭತ್ತದ ಕೊಯ್ಲು ಶುರುವಾಗುವ ಹೊತ್ತಿಗೆ ಸೊರಬದ ಕಡೆಯಿಂದ ಒಬ್ಬ ರೈತ ಬಂದ. ಗುಡವಿಯಿಂದ ಆಚೆಗೆ ಅವನ ಊರು. ಹೆಂಡತಿ ಬಾಣಂತನದಲ್ಲಿ ತೀರಿಕೊಂಡಿದ್ದಳು. ಜೊತೆಯಲ್ಲಿ ಒಬ್ಬ ಹಿರಿಯರನ್ನೂ ತನ್ನ ನಾಲ್ಕು ವರ್ಷದ ಮಗಳನ್ನೂ ಕರೆತಂದಿದ್ದ. ಸುತ್ತು ಬಳಸಿ ಮಾತಾಡದೆ, ‘ನಿಮ್ಮ ಮಗಳನ್ನ ಉಡಿಕೆ ಮಾಡ್ಕೊಡ್ರಿ’ ಅಂತ ಅಜ್ಜಿಯನ್ನೇ ಕೇಳಿದ. ಅಪ್ಪ ಅಜ್ಜಿಯ ಮುಖ ನೋಡಿದರು. ಅಪ್ಪನಿಗೆ ಮನಸ್ಸಿತ್ತು, ಬಾಯಿರಲಿಲ್ಲ.

‘ಮನೆ ಬಾಗ್ಲಿಗೆ ಬಂದೀರಿ, ಊಟ ಮಾಡ್ಕೊಂಡು ಹೋಗ್ರಿ’ ಅಂದಳು ಅಜ್ಜಿ. ‘ನಮ್ಮನ್ಯಾಗೆ ಉಡಿಕೆ ಇಲ್ಲ.’

ಆತ ಎದ್ದು ನಿಂತು ಕೈ ಮುಗಿದ. ‘ಒಕ್ಕಣೆ ಮುಗಿಯೋತನ ಕಾಯ್ತೀನಿ ಅಮ್ಮಾರೆ. ಆಮೇಲೆ ಬೇರೆ ಕಡೆ ನೋಡ್ಬೇಕಾಗ್ತೈತೆ. ಈ ಮಗಿನ ಮುಖ ನೋಡ್ಬೇಕಲ್ಲ ನಾನು.’

ಆ ಮಗು ಅಷ್ಟರಲ್ಲಿ ಅತ್ತೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಗಾಡಿಗೆ ಹತ್ತಿಸುವಾಗ ಎಚ್ಚರವಾಗಿ ಅತ್ತೆಯ ಸೆರಗು ಹಿಡಿದುಕೊಂಡು ಚೀರಿತು. ಅವರು ಹೋದಮೇಲೆ ಅತ್ತೆ ನನ್ನನ್ನು ಕೊಟ್ಟಿಗೆಗೆ ಕರೆದು, ‘ಆ ಮಗಿಗೆ ತಲೆ ಬಾಚೋರಿಲ್ಲ ನೋಡೆ, ಕೂದ್ಲೆಲ್ಲ ಸಿಕ್ಕು’ ಅಂದಳು. ದನಕ್ಕೆ ಹುಲ್ಲು ಹಾಕುತ್ತಾ, ‘ನಂಗೆ ಹೋಗ್ಬೇಕು ಅನ್ನಿಸ್ತೈತೆ ಕಣೆ. ಯಾರಿಗೂ ಹೇಳ್ಬ್ಯಾಡ’ ಅಂದಳು. ಅಂಥ ಮಾತನ್ನು ಹನ್ನೊಂದು ವರ್ಷದವಳಿಗೆ ಹೇಳಿಕೊಳ್ಳಬೇಕಾದರೆ ಅವಳಿಗೆ ಬೇರೆ ಯಾರಿದ್ದರು ಅಂತ ಈಗ ಯೋಚಿಸುತ್ತೇನೆ.

ಅದೇ ದಿನ ಸಂಜೆ ಅಜ್ಜಿ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ನಿಲ್ಲಿಸಿದಳು. ‘ಹೋಗಲ್ಲ ಅಂತ ಮಾತು ಕೊಡು.’ ಅತ್ತೆ ಕೊಟ್ಟಳು. ಮಗ್ಗಿ ಒಪ್ಪಿಸುವ ಹಾಗೆ ಹೇಳಿ ಒಳಗೆ ಬಂದು ಹಾಲು ಕಾಯಿಸಿದಳು.

ಇನ್ನು ನಮ್ಮ ಮೇಷ್ಟ್ರ ವಿಷಯ. ಸೊರಬದ ಕಡೆಯವರು, ತೆಳ್ಳಗಿದ್ದರು, ಗಟ್ಟಿಯಾಗಿ ಗದರಿದ್ದು ನಾನು ಕೇಳಿದ್ದೇ ಇಲ್ಲ. ಹುಡುಗಾಟದ ವಯಸ್ಸಿನಲ್ಲಿ ಶಾಸನ ಓದುವವರು ಯಾರೋ ಈ ಸೀಮೆಗೆ ಬಂದಿದ್ದಾಗ ಅವರ ಹಿಂದೆ ಏಣಿ ಹೊತ್ತು ತಿರುಗಿ ಹಳೆಯ ಅಕ್ಷರ ಓದುವುದನ್ನು ಕಲಿತಿದ್ದರು. ಶನಿವಾರ ಬೆಳಗಿನ ಶಾಲೆ ಬಿಟ್ಟಮೇಲೆ ಅವರು ನಮ್ಮನ್ನು ಊರ ಮೇಲೆ ಹೊರಡಿಸುತ್ತಿದ್ದರು. ‘ಚರಿತ್ರೆ ದಿಲ್ಲೀಲಿ ಮಾತ್ರ ಇಲ್ಲ ಕಣ್ರೋ. ನಿಮ್ಮ ಮನೆ ಮೆಟ್ಲಲ್ಲಿ ಇರ್ಬಹುದು, ದನ ಕಟ್ಟೋ ಗೂಟದಲ್ಲಿ ಇರ್ಬಹುದು. ನೋಡ್ಕೊಂಡು ಬನ್ನಿ’ ಅನ್ನುತ್ತಿದ್ದರು. ಮಕ್ಕಳಷ್ಟೇ ಬಂದರೆ ಅವರಿಗೆ ಸಾಲದು, ಮನೆಯ ಹಿರಿಯರೊಬ್ಬರು ಬರಲೇಬೇಕು.

ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಅಚ್ಚು ತೆಗೆಯಲು ಬೇಕಾದ ಮಸಿ ನಾವೇ ಮಾಡುತ್ತಿದ್ದೆವು. ಹರಳೆಣ್ಣೆ ದೀಪದ ಮೇಲೆ ಹಂಚು ಬೋರಲು ಹಾಕಿ, ಕಟ್ಟಿದ ಕಾಡಿಗೆಯನ್ನು ಕೆರೆದು ಜಾಲಿ ಅಂಟಿನ ನೀರಿನಲ್ಲಿ ಕಲಸುವುದು. ಹಳೇ ಸೀರೆಯ ತುಂಡಿಗೆ ಹತ್ತಿ ತುಂಬಿ ಉಂಡೆ ಕಟ್ಟುವುದು. ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ನಾರಿನ ಬ್ರಷ್ಷಿನಿಂದ ಹದವಾಗಿ ಬಡಿದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಉಂಡೆಯನ್ನು ಮಸಿಗೆ ಅದ್ದಿ ತಟ್ಟಬೇಕು. ಕಾಗದವೆಲ್ಲ ಕಪ್ಪಾಗಿ, ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮೊದಲ ಸಲ ನೋಡಿದಾಗ ನಾನು ‘ಅಯ್ಯೋ ಶಿವನೆ!’ ಅಂತ ಕೂಗಿದ್ದೆ, ಮೇಷ್ಟ್ರು ನಕ್ಕಿದ್ದರು.

ಅವರದೊಂದು ನೇಮವಿತ್ತು. ಅಚ್ಚು ತೆಗೆದ ಜಾಗದಲ್ಲೇ, ಮನೆಯವರ ಎದುರಿಗೇ ಗಟ್ಟಿಯಾಗಿ ಓದಬೇಕು. ನೋಟ್‌ಬುಕ್ಕಿನ ಎಡಗಡೆಯ ಹಾಳೆಯಲ್ಲಿ ‘ಕಲ್ಲು ಹೇಳುವುದು’, ಬಲಗಡೆಯ ಹಾಳೆಯಲ್ಲಿ ‘ಮನೆಯವರು ಹೇಳುವುದು’. ಒಂದಕ್ಕೊಂದು ತಾಳೆಯಾಗದಿದ್ದರೂ ಯಾವುದನ್ನೂ ಹೊಡೆದುಹಾಕುವಂತಿಲ್ಲ. ಕಲ್ಲಿಲ್ಲದ ಮನೆಯವರು ಬೇರೆ ಏನಾದರೂ ತರುತ್ತಿದ್ದರು. ಒಬ್ಬಾಕೆ ಕೌದಿ ತಂದು, ಯಾವ ತುಂಡು ಯಾರ ಸೀರೆಯದು, ಯಾರ ರುಮಾಲಿನದು ಅಂತ ಒಂದು ಗಂಟೆ ಹೇಳಿದಳು. ಮೇಷ್ಟ್ರು ಅಷ್ಟನ್ನೂ ಬರೆದುಕೊಂಡರು.

ನಾನು ಬಾಯಿಬಡುಕಿ. ದಲ್ಲಾಳಿ ಮನೆಯ ಹುಡುಗಿಯೊಬ್ಬಳು ಗುಡಿಯ ಹಳೇ ಮೆಟ್ಟಿಲಿನ ಅಚ್ಚು ತಂದು ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡಳು. ನನಗೆ ತಡೆಯಲಿಲ್ಲ. ‘ಮೆಟ್ಲೇನು ಮಹಾ! ನಮ್ಮನೇಲಿ ಮಾಸ್ತಿಯಮ್ಮನ ಕಲ್ಲೇ ಐತೆ’ ಅಂದುಬಿಟ್ಟೆ. ಮೇಷ್ಟ್ರ ಕಣ್ಣು ಅರಳಿತು. ಅಂದು ಸಂಜೆಯೇ ನಮ್ಮ ಜಗಲಿಗೆ ಬಂದು ಕೇಳಿದರು. ಅಜ್ಜಿ ಬೈದು ಅಟ್ಟುತ್ತಾಳೆ ಅಂತ ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಅಜ್ಜಿ ಮಾತ್ರ ಸೆರಗು ಸರಿಮಾಡಿಕೊಂಡು, ‘ನಮ್ಮಮ್ಮನ ಹೆಸ್ರು ಕಾಗ್ದದ ಮ್ಯಾಲೆ ಬರ್ತೈತೇನ್ರಿ ಮೇಷ್ಟ್ರೆ?’ ಅಂತ ಕೇಳಿದಳು.

‘ಕೆತ್ತಿದ್ರೆ ಬಂದೇ ಬರುತ್ತೆ ಅಜ್ಜಿ. ಆದ್ರೆ ಆ ಜಿಡ್ಡು ತೆಗೀಬೇಕಾಗುತ್ತೆ.’

‘ತಗಿಯೋಣ. ಅಮ್ಮಂಗೆ ಎಣ್ಣೆಸ್ನಾನ ಮಾಡಿಸ್ದಂಗೆ ಆಗ್ತೈತೆ’ ಅಂದಳು ಅಜ್ಜಿ. ಎಷ್ಟು ಹೆಮ್ಮೆಯಿತ್ತು ಆ ದನಿಯಲ್ಲಿ! ಉಡಿಕೆ ಕೇಳಿಕೊಂಡು ಬಂದವರಿಗೆ ಹೇಳಿದ ಮಾತಿಗೆ ಈಗ ಕಾಗದದ ಸಾಕ್ಷಿಯೂ ಸಿಗುತ್ತದೆ ಅಂತ ಅವಳು ನಂಬಿದ್ದಳು.

ಮುತ್ತೈದೆ ಅಂತ ನಮ್ಮವ್ವ ಮೊದಲ ತಂಬಿಗೆ ಬಿಸಿನೀರು ಹಾಕಿ ಕೈ ಮುಗಿದು ಒಳಗೆ ಹೋದಳು. ಉಜ್ಜುವ ಕೆಲಸ ನನಗೂ ಅತ್ತೆಗೂ ಬಂತು. ಸೀಗೆಪುಡಿ, ಬೂದಿ, ಕುದಿಯುವ ನೀರು, ಬಿದಿರಿನ ಚಕ್ಕೆ. ಮೂರು ದಿನ ಹಿಡಿಯಿತು. ಜಿಡ್ಡು ಮೇಣದ ಹಾಗೆ ಸುಲಿದು ಬರುತ್ತಿತ್ತು. ಅಜ್ಜಿ ದೂರದಲ್ಲಿ ಕೂತು, ‘ಮೆಲ್ಲಗೆ, ಮೈ ಗೀರೀರಿ’ ಅನ್ನುತ್ತಿದ್ದಳು. ಮೊದಲು ಕೆಳಗಿನ ಸಾಲಿನಲ್ಲಿ ನಾಲ್ಕು ದನ ಕಂಡವು. ಆಮೇಲೆ ಕಾಲು, ಸೊಂಟದಲ್ಲಿ ಬಾಕು. ಮೂರನೆಯ ದಿನ ಅಜ್ಜಿ ಊಟಕ್ಕೆ ಒಳಗೆ ಹೋಗಿದ್ದಾಗ ಅತ್ತೆ ಮುಖದ ಜಾಗ ಉಜ್ಜುತ್ತಿದ್ದವಳು ಗಕ್ಕನೆ ನಿಂತಳು.

‘ಮೀಸೆ ಐತೆ ಕಣೆ’ ಅಂದಳು.

ನನಗೆ ನಗು ಉಕ್ಕಿ ಬಂತು. ಮಾಸ್ತಿಯಮ್ಮನಿಗೆ ಮೀಸೆ! ಅತ್ತೆ ನಗಲಿಲ್ಲ. ಎತ್ತಿದ ಕೈಯ ಬಳಿ ಮತ್ತೆ ಮತ್ತೆ ನೀರು ಹಾಕಿ ನೋಡಿದಳು. ಆ ಕೈಯೂ ಆ ಮೀಸೆಯವನದೇ. ಮುಷ್ಟಿಯಲ್ಲಿ ಕತ್ತಿಯ ಹಿಡಿ ಉಳಿದಿತ್ತು, ಅಲಗು ಮುರಿದು ಹೋಗಿತ್ತು. ನಾವು ಬಳೆ ಅಂದುಕೊಂಡದ್ದು ವೀರನ ಕಡಗ. ಅತ್ತೆ ತಂಬಿಗೆ ಕೆಳಗಿಟ್ಟಳು. ‘ಮೇಷ್ಟ್ರು ಬರೋತನ ಬಾಯಿ ಮುಚ್ಕೊಂಡಿರು’ ಅಂದಳು. ನನ್ನ ಜನ್ಮದಲ್ಲಿ ನಾನು ಎರಡು ದಿನ ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲ. ಅಜ್ಜಿಗೆ ಆಗಲೇ ಕಣ್ಣು ಮಬ್ಬು. ಕಲ್ಲು ಬೆಳ್ಳಗಾಗಿದ್ದು ಕಂಡು ಸಂತೋಷಪಟ್ಟಳು, ಅಷ್ಟೆ.

ಶನಿವಾರ ಶಾಲೆಯ ಮಕ್ಕಳೂ ಅವರ ಮನೆಯವರೂ ನಮ್ಮ ಹಿತ್ತಿಲು ತುಂಬಿದರು. ಅಜ್ಜಿ ಮಜ್ಜಿಗೆ ಮಾಡಿಸಿದ್ದಳು. ಕಾಗದ ಹಚ್ಚಿ, ಬಡಿದು, ಮಸಿ ತಟ್ಟಿದ್ದಾಯಿತು. ಅಚ್ಚನ್ನು ಬಿಡಿಸಿ ಇಬ್ಬರು ಹುಡುಗರ ಕೈಯಲ್ಲಿ ಹಿಡಿಸಿ ಮೇಷ್ಟ್ರು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಅವರ ಮುಖ ಬದಲಾಯಿತು. ಒಮ್ಮೆ ಅಜ್ಜಿಯ ಕಡೆ ನೋಡಿದರು. ಆದರೆ ನೇಮ ನೇಮವೇ.

‘ಇದು ವೀರಗಲ್ಲು’ ಅಂದರು. ‘ಊರ ದನಗಳನ್ನ ಕಳ್ಳರು ಹೊಡ್ಕೊಂಡು ಹೋಗುವಾಗ ಒಬ್ಬ ಅಡ್ಡ ನಿಂತು ಕಾದಾಡಿ ಸತ್ತ. ಅವನ ಹೆಸರಿನ ಜಾಗದಲ್ಲಿ ಚಕ್ಕೆ ಎದ್ದುಹೋಗಿದೆ. ಅವನ ಹೆಂಡತಿ ಹೆಸರು ಮಾತ್ರ ಚೆನ್ನಾಗಿ ಉಳಿದಿದೆ. ಆಕೆ ಈ ಕಲ್ಲನ್ನ ನಿಲ್ಲಿಸಿದಳು, ಕೆರೆಯ ತೂಬಿನ ರಿಪೇರಿಗೆ ಅಂತ ಕೆಳಗಿನ ಗದ್ದೆ ಬಿಟ್ಟುಕೊಟ್ಟಳು ಅಂತ ಇದೆ.’

 ಗುಂಪಿನಲ್ಲಿ ಯಾವಳೋ ಹೆಂಗಸು, ‘ಹಂಗಾರೆ ಆಯಮ್ಮ ಬೆಂಕಿಗೆ ಬೀಳ್ಲಿಲ್ವಾ?’ ಅಂದಳು.

‘ಇಲ್ಲಮ್ಮ. ಬದುಕಿದ್ದಳು. ಬದುಕಿದ್ದಕ್ಕೇ ಈ ಕಲ್ಲು ನಿಂತಿದೆ.’

‘ಸಾಕು ನಿಲ್ಸ್ರಿ ಮೇಷ್ಟ್ರೆ’ ಅಂದರು ಅಪ್ಪ. ಅವರ ಮುಖ ಕೆಂಪೇರಿತ್ತು. ಮೇಷ್ಟ್ರು ನೋಟ್‌ಬುಕ್ಕು ಹಿಡಿದು, ಮೆತ್ತಗೆ, ‘ಮನೆಯವರು ಹೇಳೋದು ಏನು ಬರೀಲಿ?’ ಅಂತ ಕೇಳಿದರು. ‘ಏನೂ ಇಲ್ಲ. ಖಾಲಿ ಬಿಡ್ರಿ’ ಅಂದರು ಅಪ್ಪ. ಆಗ ಅಜ್ಜಿ, ‘ಇನ್ನೊಂದ್ಸಲ ಓದ್ರಿ’ ಅಂದಳು. ಮೇಷ್ಟ್ರು ಓದಿದರು. ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮಜ್ಜಿಗೆಯನ್ನು ಯಾರೂ ಕುಡಿಯಲಿಲ್ಲ.

ಆ ವಾರ ಮನೆಯಲ್ಲಿ ಉಸಿರು ಕಟ್ಟಿದಂತಿತ್ತು. ಊರಿನಲ್ಲಿ ಬಾಯಿಗೆ ಬಂದ ಹಾಗೆ ಆಡಿಕೊಂಡರು. ಅಜ್ಜಿ ಹಿತ್ತಿಲಿಗೆ ಕಾಲಿಡಲಿಲ್ಲ, ಅತ್ತೆಯ ಜೊತೆ ಒಂದು ಮಾತೂ ಆಡಲಿಲ್ಲ. ಕಣದಲ್ಲಿ ಒಕ್ಕಣೆ ಮುಗಿಯುತ್ತಾ ಬಂದಿತ್ತು. ಅತ್ತೆ ಭತ್ತ ತೂರುತ್ತಾ ದಿನ ಎಣಿಸುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ, ಮಾತು ಕೊಟ್ಟಿದ್ದಳಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಪ್ಪ, ‘ಅಕ್ಷರ ಏನು ಬೇಕಾದ್ರೂ ಹೇಳ್ತಾವೆ. ಹಿರೇರು ಹೇಳಿದ್ದು ಸುಳ್ಳಾಗ್ತೈತಾ?’ ಅಂದರು. ನನಗೆ ತಲೆ ಕೆಟ್ಟುಹೋಯಿತು.

‘ಸುಳ್ಳೇ! ಅಜ್ಜಿ ಸುಳ್ಳು ಕಲ್ಲು ತೋರ್ಸಿ ಅತ್ತೇನ ಕಟ್ಟಿಹಾಕ್ಯಾಳೆ!’ ಅಂತ ಕಿರುಚಿದೆ.

ಅಪ್ಪನ ಏಟು ಕೆನ್ನೆಗೆ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಅಜ್ಜಿ, ‘ಬಿಡು, ಹೊಡೀಬ್ಯಾಡ’ ಅಂದಳು. ತಟ್ಟೆಯ ಮುಂದಿನಿಂದ ಎದ್ದು ಕೈ ತೊಳೆದಳು. ನಾನು ಆಡಿದ್ದು ನಿಜ ಅಂತ ಆಗ ಬೀಗಿದೆ. ಆ ವಯಸ್ಸಾದ ಜೀವಕ್ಕೆ ಆ ಮಾತು ಎಲ್ಲಿ ಹೋಗಿ ತಾಗಿರಬಹುದು ಅಂತ ತಿಳಿಯುವಷ್ಟು ಬುದ್ಧಿ ನನಗಿರಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದಿನ ಶನಿವಾರ ಅಚ್ಚುಗಳನ್ನೆಲ್ಲ ಗಂಜಿ ಹಚ್ಚಿ ಶಾಲೆಯ ಗೋಡೆಗೆ ಅಂಟಿಸಿ, ಮನೆಮನೆಯವರನ್ನು ನೋಡಲು ಕರೆದಿದ್ದರು. ನಮ್ಮ ಮನೆಯಿಂದ ಯಾರೂ ಬರುವುದಿಲ್ಲ ಅಂದುಕೊಂಡು ನಾನು ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದೆ. ಅಜ್ಜಿ ಬಂದಳು. ಶಾಲೆಯ ಹೊಸಿಲನ್ನು ಯಾವತ್ತೂ ದಾಟದವಳು, ಅತ್ತೆಯ ತೋಳು ಹಿಡಿದುಕೊಂಡು ಒಳಗೆ ಬಂದಳು. ಜನ ದಾರಿ ಬಿಟ್ಟರು. ನಮ್ಮ ಕಲ್ಲಿನ ಅಚ್ಚಿನ ಮುಂದೆ ನಿಂತು, ‘ಆಯಮ್ಮನ ಹೆಸ್ರು ಎಲ್ಲೈತೆ ಮೇಷ್ಟ್ರೆ?’ ಅಂದಳು. ಮೇಷ್ಟ್ರು ಅವಳ ಬೆರಳು ಹಿಡಿದು ಅಕ್ಷರದ ಮೇಲಿಟ್ಟರು. ಅಜ್ಜಿ ಅದರ ಮೇಲೆ ಬೆರಳಾಡಿಸಿದಳು.

‘ಅವತ್ತು ಬಲಗಡೆ ಹಾಳೆ ಖಾಲಿ ಬಿಟ್ರಲ್ಲ, ಬರ್ಕೊಳ್ರಿ’ ಅಂದಳು. ‘ನಮಗೆ ಗೊತ್ತಿರ್ಲಿಲ್ಲ ಅಂತ ಬರ್ಕೊಳ್ರಿ.’

ಮೇಷ್ಟ್ರು ನಿಂತಲ್ಲೇ ಬರೆದುಕೊಂಡರು. ಅಜ್ಜಿ ಎಲ್ಲರ ಎದುರಿಗೇ ಅತ್ತೆಯ ಕಡೆ ತಿರುಗಿ, ‘ನೀ ಕೊಟ್ಟ ಮಾತು ವಾಪಸ್ ತಗೋ’ ಅಂದಳು. ಅತ್ತೆ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತಳು. ಮಾರನೆಯ ದಿನವೇ ಅಜ್ಜಿ ಆ ರೈತನ ಊರಿಗೆ ಗಾಡಿ ಕಟ್ಟಿಸಿದಳು. ಅಪ್ಪ ‘ನಾನೇ ಹೇಳಿ ಬರ್ತೀನವ್ವಾ’ ಅಂದರೆ, ‘ಬ್ಯಾಡ ಅಂದೋಳು ನಾನು, ನಾನೇ ಹೋಗ್ಬೇಕು’ ಅಂದಳು. ಆತ ಹುಲ್ಲು ಬಣವೆ ಒಟ್ಟುತ್ತಿದ್ದನಂತೆ. ಬೇರೆ ಕಡೆಯಿಂದ ಮಾತು ಬಂದಿತ್ತಂತೆ, ಇನ್ನೂ ಒಪ್ಪಿರಲಿಲ್ಲವಂತೆ. ನಾಲ್ಕು ದಿನ ತಡವಾಗಿದ್ದರೆ ಏನಾಗುತ್ತಿತ್ತೋ.

ಉಡಿಕೆಗೆ ವಾದ್ಯವಿಲ್ಲ, ಚಪ್ಪರವಿಲ್ಲ. ಮುತ್ತೈದೆಯರು ಎದುರಿಗೆ ಬರುವಂತಿಲ್ಲ, ಸೀರೆಯನ್ನು ಗಂಡ ಸತ್ತ ಹಿರಿಯಳೇ ಕೈಯೆತ್ತಿ ಕೊಡಬೇಕು. ನಮ್ಮ ಮನೆಯಲ್ಲಿ ಅದರ ರೀತಿ ಯಾರಿಗೂ ಗೊತ್ತಿಲ್ಲದ್ದರಿಂದ ಆತನ ಕಡೆಯಿಂದ ಉಡಿಕೆಯಾದ ಮುದುಕಿಯೊಬ್ಬಳು ಬಂದು ಹೇಳಿಕೊಟ್ಟಳು. ನಮ್ಮವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ನಾನು ಚಿಕ್ಕವಳಲ್ಲ, ದೊಡ್ಡವಳೂ ಅಲ್ಲ ಅಂತ ನಡುಮನೆಯಲ್ಲಿ ಇರಲು ಬಿಟ್ಟರು. ಆತ ತಂದ ಹಸಿರು ಸೀರೆಯನ್ನು ಅಜ್ಜಿ ಎರಡೂ ಕೈಯಲ್ಲಿ ಎತ್ತಿ ಅತ್ತೆಗೆ ಕೊಟ್ಟಳು. ಮುದುಕಿ ತಾಳಿ ಕಟ್ಟಿದಳು. ಅಷ್ಟೇ, ಮುಗಿಯಿತು.

ಹೊತ್ತು ಮುಳುಗುವ ಮೊದಲೇ ಗಾಡಿ ಹೊರಡಬೇಕಿತ್ತು. ಆ ಸಣ್ಣ ಹುಡುಗಿ ಆಗಲೇ ಗಾಡಿ ಹತ್ತಿ ಕೂತು ಅತ್ತೆಯನ್ನು ಕೂಗುತ್ತಿತ್ತು. ಅತ್ತೆ ಅಜ್ಜಿಯ ಕಾಲಿಗೆ ಬಿದ್ದು, ‘ಅವ್ವಾ, ನಿಂಗೆ ಕೋಪ ಇಲ್ಲ ಅಲ್ವಾ?’ ಅಂತ ಕೇಳಿದಳು.

‘ಐತೆ’ ಅಂದಳು ಅಜ್ಜಿ. ‘ನಿನ್ನ ಮ್ಯಾಲಲ್ಲ. ಏಳು, ಮಗು ಕೂಗ್ತೈತೆ.’

ಗಾಡಿ ಕೆರೆ ಏರಿಯ ಮೇಲೆ ಹತ್ತುವ ತನಕ ಅಜ್ಜಿ ಜಗಲಿಯ ಮೇಲೆ ನಿಂತೇ ಇದ್ದಳು. ಅವಳನ್ನು ಸಮಾಧಾನ ಮಾಡಬೇಕು ಅನ್ನಿಸಿ ನಾನು ಪಕ್ಕಕ್ಕೆ ಹೋಗಿ, ‘ಅಳಬ್ಯಾಡ ಅಜ್ಜಿ, ಅತ್ತೆ ಹಬ್ಬಕ್ಕೆ ಬರ್ತಾಳೆ’ ಅಂದೆ.

ಅಜ್ಜಿ ನನ್ನ ಕಡೆ ನೋಡಲಿಲ್ಲ.

‘ನನ್ನೂ ಒಬ್ರು ಕೇಳ್ಕೊಂಡು ಬಂದಿದ್ರು ಮಗಾ’ ಅಂದಳು. ‘ನಿಮ್ಮಜ್ಜನ ಅವ್ವ ನನ್ನ ಹಿತ್ಲಿಗೆ ಕರ್ಕೊಂಡು ಹೋಗಿ ಆ ಕಲ್ಲು ತೋರ್ಸಿದ್ಲು. ಆಗ ನಂಗೆ ಇಪ್ಪತ್ಮೂರು.’